ಅರ್ಧಾ ವರ್ಷ ಸೂಟಿ ಅಂತ ಅನಬ್ಯಾಡ್ರಿ

ನಮ್ಮ ಸಣ್ಣ ಕಾಕಾ ತೀರಿಕೊಂಡು ಈಗ ನಾಕ ತಿಂಗಳಾತು. ಹದಿಮೂರನೇ ದಿನದ ಊಟಕ್ಕ ನೀವೆಲ್ಲಾ ಬಂದಿದ್ರಿ, ಕಾಕುನ ಕೈ ಹಿಡಕೊಂಡು ಎರಡ ಮಾತ ಆಡಿ ಹೋದ್ರಿ. ಅದಕ್ಕ ಏನೂ ಅನ್ನೂಹಂಗಿಲ್ಲ. ಆದ್ರ ಅವತ್ತ ನಾ ಬಡಸ್ಕೋತ ಅಡ್ಡಾಡುವಾಗ ಎರಡ ಮಾತ ಕಿವಿಗೆ ಬಿದ್ವು. ಒಂದು, "ಪುಣ್ಯವಂತ ನೋಡ್ರಿ, ಅರ್ಧಾ ವರ್ಷ ಸೂಟಿ, ಪಗಾರ ಮಾತ್ರ ಪೂರಾ." ಇನ್ನೊಂದು, "ದುಡದ್ರು ಖರೆ, ಮನ್ಯಾಗ ಎಲ್ಲಿದ್ರು? ಎಲ್ಲಾ ಹೆಂಡ್ತಿನ ನೋಡ್ಕೊಂಡ್ಲು." ಯಾರ ಅಂದ್ರು ಅಂತ ನಾ ಬರಿಯೂದಿಲ್ಲ, ಅಂದಾವ್ರಿಗೆ ಗೊತ್ತದ. ಈ ಎರಡೂ ಮಾತು ನನಗ ಒಪ್ಪಿಗಿ ಇಲ್ಲ. ಸತ್ತಾವ್ರ ಬಗ್ಗೆ ಛೊಲೊ ಮಾತಾಡಬೇಕು ಅನ್ನೋ ರೀತಿಗೆ ಹೇಳ್ತಿಲ್ಲ, ಲೆಕ್ಕಾ ತಪ್ಪದ ಅಂತ ಹೇಳ್ತೀನಿ. ಈಗ್ಯಾಕ ಹೇಳ್ತಿದ್ದೀನಿ ಅನ್ನೋದಕ್ಕೂ ಒಂದ ಕಾರಣ ಅದ, ಕಡೀಕ ಬರ್ತದ.

ಕಾಕಾ ಇದ್ದದ್ದು ಬಾಂಬೆ ಹೈನ್ಯಾಗ. ನಮ್ಮ ಅಜ್ಜಿ ಸಾಯೋತನಕಾ "ನನ್ನ ಸಣ್ಣ ಮಗಾ ಬಾಂಬೆ ಹೈಕೋರ್ಟಿನ್ಯಾಗ ಇದ್ದಾನ" ಅಂತನ ಹೇಳಿದ್ಲು. ಓಣ್ಯಾಗಿನ ಮಂದಿ ತಮ್ಮ ಹೊಲದ ವ್ಯಾಜ್ಯದ ಕಾಗದ ತೊಗೊಂಡು ಕಾಕಾನ ಹಂತೇಕ ಬಂದದ್ದೂ ಅದ. ಬಾಂಬೆ ಹೈ ಅಂದ್ರ ಊರೂ ಅಲ್ಲ, ಕೋರ್ಟೂ ಅಲ್ಲ. ಮುಂಬಯಿ ದಂಡಿಯಿಂದ ಸುಮಾರು 160 ಕಿಲೋಮೀಟರ ಅರಬ್ಬಿ ಸಮುದ್ರದ ಒಳಗ ನೆಲದ ಕೆಳಗ ಎಣ್ಣಿ ಇರೋ ಜಾಗಾ ಅದು. 1974ರಾಗ 'ಸಾಗರ ಸಮ್ರಾಟ' ಅನ್ನೋ ರಿಗ್ ಅಲ್ಲಿ ಭಾಂವಿ ಕೊರದು ಎಣ್ಣಿ ಹತ್ತಿಸ್ತು. 1976ರಾಗ ಎಣ್ಣಿ ತೆಗಿಯೋದು ಶುರು ಆತು. ಆ ಸಾಗರ ಸಮ್ರಾಟನ್ನ ನೀವೆಲ್ಲಾ ನೋಡೀರಿ, ನೋಡಿಲ್ಲ ಅನಬ್ಯಾಡ್ರಿ. ಆಹೇರದ ಪಾಕೀಟಿನ್ಯಾಗ ನೂರಾಒಂದು, ಐದನೂರಾಒಂದು ಮಾಡ್ಲಿಕ್ಕೆ ಹಾಕ್ತೀವಲ್ಲ, ಆ ಒಂದು ರೂಪಾಯಿ ನೋಟಿನ ಹಿಂದ ಸಮುದ್ರದಾಗ ಕಾಲ ಊರಿ ನಿಂತ ಒಂದ ಯಂತ್ರದ ಚಿತ್ರ ಇರ್ತದ, ಅದ ಅದು. ನಮ್ಮ ಕಾಕಾ ಕೆಲಸಾ ಮಾಡಿದ್ದು ಅದರಾಗಲ್ಲ, ಅಂಥಾದ್ದ ಬ್ಯಾರೆ ರಿಗ್ಗಿನ್ಯಾಗ. ಆದ್ರ ಯಾರರೆ "ಎಂಥಾ ಜಾಗಾ ಅದು" ಅಂತ ಕೇಳಿದ್ರ ಅವ್ರು ಕಿಸೆದಿಂದ ಒಂದು ರೂಪಾಯಿ ನೋಟ ತಗದು ತಿರಿವಿ ತೋರಸ್ತಿದ್ರು. ಅದಕ್ಕಂತನ ಒಂದ ನೋಟ ಘಳಿಗಿ ಮಾಡಿ ಇಟ್ಟಿರ್ತಿದ್ರು.

ಈಗ ಲೆಕ್ಕಕ್ಕ ಬರ್ರಿ. ಹದಿನಾಲ್ಕ ದಿನಾ ಸಮುದ್ರ, ಹದಿನಾಲ್ಕ ದಿನಾ ಮನಿ. ಇದನ್ನ ಕೇಳಿದ ಕೂಡ್ಲೆ ಎಲ್ಲಾರೂ "ಆಹಾ" ಅಂತಾರ. ಆ ಹದಿನಾಲ್ಕ ದಿನದಾಗ ದಿನಾ ಹನ್ನೆರಡ ತಾಸು ಪಾಳಿ. ರವಿವಾರ ಇಲ್ಲ, ಹಬ್ಬ ಇಲ್ಲ, ಎರಡನೇ ಶನಿವಾರ ಅಂತೂ ಇಲ್ಲನ ಇಲ್ಲ. ಹನ್ನೆರಡ ಹದಿನಾಲ್ಕಲೆ 168 ತಾಸು. ನಮ್ಮಲ್ಲೆ ಆಫೀಸಿಗೆ ಹೋಗೋರು ದಿನಕ್ಕ ಎಂಟ ತಾಸು, ವಾರಕ್ಕ ಐದ ದಿನಾ ಅಂತ ಹಿಡೀರಿ, ನಾಕ ವಾರಕ್ಕ 160 ಆಗ್ತದ. ಅಂದ್ರ ಮಂದಿ ನಾಕ ವಾರದಾಗ ಮಾಡೋ ಕೆಲಸಾನ ಈ ಮನಷ್ಯಾ ಎರಡ ವಾರದಾಗ ಮಾಡಿ, ಮ್ಯಾಲೆ ಎಂಟ ತಾಸು ಹೆಚ್ಚಿಗೆ ಕೊಟ್ಟು ಮನಿಗೆ ಬಂದಾನ. ಇನ್ನ ಸೂಟಿ ಎಲ್ಲಿಂದ ಬಂತು? ಆಫೀಸಿನಾವ್ರು ಸಂಜಿಗೆ ಮನಿಗೆ ಬಂದು ಚಹಾ ಕುಡೀತಾರ. ಇವ್ರ ಪಾಳಿ ಮುಗದ್ರ ಆ ಕಬ್ಬಣದ ಮ್ಯಾಲೆನ ಮಲಗಬೇಕು, ಯಂತ್ರದ ಸಪ್ಪಳ ಆಗಲೂ ನಿಂದ್ರಂಗಿಲ್ಲ. 1981ರಿಂದ 2017ರತನಕಾ 36 ವರ್ಷ ನೌಕರಿ. ಹಕ್ಕಿನ ರಜಾ ಗಿಜಾ ಬಿಟ್ರೂ ಹೆಚ್ಚೂಕಡಿಮಿ ಹದಿನೇಳ ಹದಿನೆಂಟ ವರ್ಷ ನೀರಿನ ಮ್ಯಾಲೆ ಕಳದಂಗಾತು.

ಕೆಲಸಾನೂ ಏನ ಅಂತ ಒಂಚೂರು ಹೇಳ್ತೀನಿ, ಯಾಕಂದ್ರ "ಎಣ್ಣಿ ತಗೀತಾರ" ಅಂದ್ರ ಕೊಳವಿ ಭಾಂವಿಗೆ ಮೋಟಾರ ಇಳಿಸಿಧಂಗ ಅಂತ ನಾವು ತಿಳ್ಕೋತೀವಿ. ಕಾಕಾ ಐಟಿಐ ಕಲತಾವ್ರು, ಡೀಸೆಲ್ ಮೆಕ್ಯಾನಿಕ್. ರಿಗ್ಗಿನ್ಯಾಗ ಅವ್ರ ಕೈಯಾಗಿದ್ದದ್ದು ಇಂಜಿನ್ನು ಮತ್ತ ಪಂಪು. ನೆಲಾ ಕೊರಿಯೋವಾಗ ಪೈಪಿನ ಒಳಗಿಂದ ಒಂದ ನಮೂನಿ ಕೆಸರು ಬಿಡ್ತಾರ, ಅದಕ್ಕ ಮಡ್ ಅಂತಾರ. ನೀರು, ಬೆಂಟೊನೈಟ್ ಅನ್ನೋ ಮಣ್ಣು, ತೂಕಾ ಬರ್ಲಿಕ್ಕೆ ಬ್ಯಾರೈಟ್ ಅನ್ನೋ ಪುಡಿ ಎಲ್ಲಾ ಕೂಡಿಸಿ ಹದಾ ಮಾಡಿರ್ತಾರ. ಅದು ಕೊರಿಯೋ ಹಲ್ಲಿನ ತನಕಾ ಇಳದು, ಹಲ್ಲ ತಂಪ ಮಾಡಿ, ಕೊರದ ಕಲ್ಲಿನ ಪುಡಿ ಹೊತ್ಕೊಂಡು ಮ್ಯಾಲೆ ಬರ್ತದ. ಅದಕ್ಕಿಂತ ದೊಡ್ಡ ಕೆಲಸಾ ಅಂದ್ರ ಕೆಳಗಿನ ಗ್ಯಾಸು ಎಣ್ಣಿ ಒಮ್ಮೆಲೆ ಮ್ಯಾಲೆ ನುಗ್ಗದಂಗ ತನ್ನ ತೂಕಲೆ ಒತ್ತಿ ಹಿಡಿಯೋದು. ಒಮ್ಮೆ ನಾ ಕೇಳಿದಾಗ ಕಾಕಾ ನಮ್ಮ ಕುಕ್ಕರನ್ನ ತೋರಿಸಿದ್ರು. "ಆ ಸೀಟಿ ಅದ ಅಲಾ, ಅದರ ತೂಕ ಕಡಿಮಿ ಆದ್ರ ಏನಾಗ್ತದವಾ? ಉಗಿ ಎತ್ತಿ ಒಗೀತದ. ನಮ್ಮ ಮಡ್‌ನ ತೂಕಾ ಹಂಗ. ಅದನ್ನ ನೂಕೋದು ನನ್ನ ಪಂಪು. ಪಂಪ ನಿಂತ್ರ ಎಲ್ಲಾರ ಎದಿ ಧಸ್ ಅಂತದ." ನನಗ ಅವ್ರ ಕೆಲಸಾ ಏನಂತ ಅರ್ಥ ಆದದ್ದು ಅವತ್ತು, ಲಗ್ನಾಗಿ ಹತ್ತ ವರ್ಷ ಆಗಿತ್ತು ನಂದು.

ನಮ್ಮ ಅಡಗಿಮನ್ಯಾಗಿನ ನೀಲಿ ಉರಿಗೂ ಅದಕ್ಕೂ ಸಂಬಂಧ ಅದ ನೋಡ್ರಿ. ಬಾಂಬೆ ಹೈನ ಗ್ಯಾಸು ಸಮುದ್ರದ ತಳದಾಗಿನ ಪೈಪಿನ ಗುಂಟ ಉರಣಕ್ಕ ಬರ್ತದ, ಅಲ್ಲಿ ಅದರಿಂದ ಅಡಗಿ ಗ್ಯಾಸ ಬ್ಯಾರೆ ಮಾಡ್ತಾರ. ಉರಣ ಅಂದ್ರ ಮುಂಬಯಿ ಆಚೆ ದಂಡಿಗೆ. ನಮ್ಮವ್ವ ಕಟಗಿ ಒಲಿ ಮುಂದ ಕಣ್ಣ ಉಜ್ಜಿಕೋತ ಭಕ್ಕರಿ ಬಡದಾಕಿ. ನಮಗ ಆ ಹೊಗಿ ತಪ್ಪಿತು. ಹಂಗಂತ ಎಲ್ಲಾ ಸಿಲಿಂಡರೂ ನಮ್ಮ ಕಾಕಾನ ತುಂಬಿ ಕಳಸ್ಯಾರ ಅಂತ ನಾ ಹೇಳೂದಿಲ್ಲ, ಕಾಕು ಮಾತ್ರ ಹಂಗ ಹೇಳ್ತಿದ್ಲು.

ಹೋಗೋ ಬರೋದರ ಕಥಿ ಬ್ಯಾರೆ. ಮೊದಲಿಗೆ ಹುಬ್ಬಳ್ಳಿ ಕಡಿಂದ ಸಣ್ಣ ಹಳಿ, ಮೀರಜದಾಗ ಇಳದು ದೊಡ್ಡ ಗಾಡಿ ಹಿಡೀಬೇಕು. ಆಮ್ಯಾಲೆ ರಾತ್ರಿ ಬಸ್ಸು ಆತು. ಕಾಕು ಕಟ್ಟಿದ ಚೂಡಾ, ಶೇಂಗಾ ಹಿಂಡಿ, ಖಡಕ್ ಭಕ್ಕರಿ. ಮುಂಬಯಿ ಜುಹೂದಿಂದ ಹೆಲಿಕಾಪ್ಟರ. ಹೆಲಿಕಾಪ್ಟರ ಅಂದ ಕೂಡ್ಲೆ ಹುಡುಗೂರು ಕಣ್ಣ ಅರಳಸ್ತಾವ, ಆದ್ರ ಅದನ್ನ ಹತ್ತೋಕಿಂತ ಮೊದಲ ಒಂದ ತರಬೇತಿ ಇರ್ತದ. ಹೆಲಿಕಾಪ್ಟರಿನ ಆಕಾರದ ಡಬ್ಬಿಯೊಳಗ ಪಟ್ಟಾ ಕಟ್ಟಿ ಕೂಡಿಸಿ, ನೀರಾಗ ಮುಳಗಿಸಿ, ತಲಿಕೆಳಗ ಮಾಡ್ತಾರ. ಉಸರ ಹಿಡದು ಪಟ್ಟಾ ಬಿಚ್ಚಿ ಕಿಡಿಕಿ ಹುಡಕಿ ಹೊರಗ ಬರಬೇಕು. ಮಲಪ್ರಭಾ ಹೊಳಿ ಬಿಟ್ಟು ಬ್ಯಾರೆ ನೀರ ಕಾಣದ ಮನಷ್ಯಾ ನಮ್ಮ ಕಾಕಾ, ಐವತ್ತರ ಮ್ಯಾಲೂ ಅದನ್ನ ಮಾಡಿ ಬಂದ್ರು. ಬಂದು ಮನ್ಯಾಗ ಹೇಳಿದ್ದು ಇಷ್ಟ, "ಮೂಗಿನ್ಯಾಗ ನೀರ ಹೊಕ್ಕಿತ್ತು."

ಮನ್ಯಾಗ ಎಲ್ಲಿದ್ರು ಅನ್ನೋ ಮಾತಿಗೆ ಈಗ ಬರ್ತೀನಿ, ನನಗ ಸಿಟ್ಟ ಬಂದದ್ದು ಆ ಮಾತಿಗೆ.

ಮನಿಗೆ ಬಂದ ಮೊದಲ ಎರಡ ದಿನಾ ಕಾಕಾ ಮನಷ್ಯಾನ ಅಲ್ಲ ಅನ್ನಸ್ತಿತ್ತು. ರಾತ್ರಿಪಾಳಿ ಮಾಡಿ ಬಂದಿದ್ರಂತೂ ಹಗಲೆಲ್ಲಾ ನಿದ್ದಿ, ನಡುರಾತ್ರಿ ಎದ್ದು ಕೂಡೋದು. ಸಿಟ್ಟು ಮೂಗಿನ ತುದಿಗೆ. ಮಾತಾಡಿದ್ರ ಜೋರಲೆ ಮಾತಾಡೋದು, ಇಂಜಿನ್ ಸಪ್ಪಳದಾಗ ಮಾತಾಡಿ ರೂಢಿ. ಕಡೀ ವರ್ಷಗಳಾಗ ಕಿವಿನೂ ಮಂದ ಆಗಿತ್ತು. ಇಲ್ಲೆ ಹದಿನಾಲ್ಕ ದಿನಾ ಕಾಕುನ ರಾಜ್ಯ ನಡದಿರ್ತದ, ಹಾಲಿನಾಂವಗ ಏನ ಹೇಳಬೇಕು, ಮಗನ ಟ್ಯೂಷನ್ನಿಗೆ ಎಷ್ಟ ಕೊಡಬೇಕು, ಎಲ್ಲಾ ಆಕಿನ ಠರಾಸಿರ್ತಾಳ. ಇವ್ರು ಬಂದು "ಇದ್ಯಾಕ ಹಿಂಗ" ಅಂದ್ರ ಜಗಳಾ. ಈ ಜಗಳಾ ನಾ ಕಣ್ಣಾರೆ ನೋಡೀನಿ. ಒಮ್ಮೆ ಕಾಕು, "ನೀವು ಅಲ್ಲಿ ಇಂಜಿನ್ ನೋಡ್ಕೊರ್ರಿ, ಇಲ್ಲಿ ಇಂಜಿನ್ ನಾ ಇದ್ದೀನಿ" ಅಂದಿದ್ಲು. ಕಾಕಾ ನಗಲಿಲ್ಲ. ಆದ್ರ ಅವತ್ತಿಂದ ಬಂದ ದಿನಾನ ಕೂತು, ಕಾಕು ಬರದಿಟ್ಟ ಖರ್ಚಿನ ವಹಿ ಓದಿ, ಕೇಳೋದನ್ನ ಕೇಳಿ, ಆಮ್ಯಾಲೆ ಸುಮ್ಮನಾಗೋದನ್ನ ಕಲತ್ರು. ಅವ್ರ ಕೆಲಸದಾಗ ಒಂದ ಪಾಳಿಯಾಂವ ಇನ್ನೊಂದ ಪಾಳಿಯಾಂವಗ ವಹಿ ತೋರಿಸಿ, ಎಲ್ಲಿ ಏನ ಆಗೇದ ಹೇಳಿನ ಕೆಲಸಾ ಒಪ್ಪಸಬೇಕಂತ. ಅದನ್ನ ಮನಿಗೆ ತಂದ್ರು.

ಮೂರನೇ ದಿನದಿಂದ ನೋಡಬೇಕಿತ್ತು ಅವ್ರನ್ನ. ಹಿತ್ತಲ ಭಾಂವಿ ಗಡಗಡಿಗೆ ಎಣ್ಣಿ, ಮಿಕ್ಸರಿನ ಬ್ರಶ್ಶು, ಸೈಕಲ್ಲಿನ ಚೈನು, ಬಾಜೂ ಮನಿ ಅಜ್ಜಿಯ ಹೊಲಗಿ ಮಷೀನು. ಮಕ್ಕಳನ್ನ ಸಾಲಿಗೆ ಬಿಡೋದು, ಕರಕೊಂಡ ಬರೋದು. ನಮ್ಮ ಅಜ್ಜಿಗೆ ಪಾರ್ಶ್ವವಾಯು ಹೊಡದಮ್ಯಾಲೆ ಆಕಿನ್ನ ಎತ್ತಿ ಕೂಡಿಸಿ ಮೈ ತೊಳದಾವ್ರು ಕಾಕಾ. ಹತ್ತಿಪ್ಪತ್ತ ಹೆಜ್ಜಿ ಮ್ಯಾಲಿದ್ದ ಮನಿಗಳಾಗ ದಿನಾ ಸಂಜಿಗೆ ಬರೋ ಗಂಡಸೂರು ಇದ್ರು, ಅವ್ರ ಮನ್ಯಾಗ ಅವ್ವಂದಿರಿಗೆ ಒಂದ ವಾಟಗಾ ನೀರ ಕೊಟ್ಟದ್ದ ನಾ ಕಂಡಿಲ್ಲ. ಮನ್ಯಾಗ ಇರೋದು ಅಂದ್ರ ಮನಿ ಸೂರಿನ ಕೆಳಗ ಕೂಡೋದಷ್ಟ ಆದ್ರ ಅವ್ರೆಲ್ಲಾ ಇದ್ರು, ನಮ್ಮ ಕಾಕಾ ಇರಲಿಲ್ಲ ಬಿಡ್ರಿ.

ಕೆಲವು ಸ್ವಭಾವ ರಿಗ್ಗಿನಿಂದನ ಬಂದಿದ್ವು. ಪಾವಟಿಗಿ ಇಳಿಯುವಾಗ ಒಂದ ಕೈ ರೇಲಿಂಗಿನ ಮ್ಯಾಲೆ ಇರಲಿಕ್ಕೇ ಬೇಕು, ನಾವು ಎರಡೂ ಕೈಲೆ ಒಣಗಿದ ಅರಿವಿ ಹೊತ್ತು ಇಳದ್ರ ಬೈಗಳು. ರಾತ್ರಿ ಗ್ಯಾಸಿನ ರೆಗ್ಯುಲೇಟರ ಬಂದ್ ಆಗೇದೋ ಇಲ್ಲೋ ಎರಡ ಸಲ ನೋಡೋದು. ಊಟಕ್ಕ "ಗಂಡಸೂರ ಪಂಕ್ತಿ ಮೊದಲ" ಅಂದ್ರ ಎದ್ದ ಹೋಗ್ತಿದ್ರು. "ಅಲ್ಲಿ ಯಾರ ಪಾಳಿ ಮುಗೀತದೋ ಅವ್ರು ಉಣ್ತಾರ, ಇಲ್ಲಿ ಇವ್ರ ಪಾಳಿ ಮುಗಿಯೋದ ಇಲ್ಲಲಾ" ಅಂತ ಕಾಕುನ ತಾಟ ತಾವ ಹಾಕಿ ಇಡ್ತಿದ್ರು. ಇನ್ನ ಉಂಗರದ ವಿಷಯ. ಮಾವನ ಮನಿಯವ್ರು ಕೊಟ್ಟ ಉಂಗರಾ ಕಾಕಾ ಎಂದೂ ಹಾಕ್ಕೊಳ್ಳಲಿಲ್ಲ ಅಂತ ಅವ್ರ ಬೀಗರಿಗೆ ಭಾಳ ದಿನಾ ಬ್ಯಾಸರಿತ್ತು, ಮಂದಿ ಬ್ಯಾರೆ ಅರ್ಥಾನೂ ಹಚ್ಚಿದ್ರು. ತಿರಗೋ ಯಂತ್ರದ ಹಂತೇಕ ಕೆಲಸಾ ಮಾಡೋರು ಉಂಗರಾ ಹಾಕ್ಕೊಳ್ಳೂಹಂಗಿಲ್ಲ, ಸಿಗಬಿದ್ರ ಬಳ್ಳ ಕಿತ್ತ ಹೋಗ್ತದ. ಇಷ್ಟ ಅದರ ಕಾರಣ.

ಹಬ್ಬ ಅವ್ರ ಪಾಳಿ ಪ್ರಕಾರ. ಅಡಗಿಮನ್ಯಾಗಿನ ಕಾಲನಿರ್ಣಯದಾಗ ಕಾಕು ಕಾಕಾ ಇರೋ ದಿನಕ್ಕ ಕೆಂಪು ಗೆರಿ ಎಳದಿರ್ತಿದ್ಲು. ದೀಪಾವಳಿ ಗೆರಿಯಿಂದ ಹೊರಗ ಬಂದ್ರ ಪೂಜಾ ಅವತ್ತ, ಕರಿಗಡಬು ಕಾಕಾ ಬಂದಮ್ಯಾಲೆ. ಮಗಳ ಲಗ್ನಕ್ಕ ಜೋಶಿಯವ್ರ ಹಂತೇಕ ಹೋಗಿ, "ಆಚಾರ್ರ, ಈ ಹದಿನಾಲ್ಕ ದಿನದಾಗ ಮುಹೂರ್ತ ಹುಡಕ್ರಿ" ಅಂದ್ರ ಅವ್ರು ಪಂಚಾಂಗ ಮುಚ್ಚಿ, "ಗ್ರಹಾ ನೋಡ್ಲೋ, ನಿಮ್ಮ ಹೆಲಿಕಾಪ್ಟರ ನೋಡ್ಲೋ" ಅಂದ್ರಂತ.

ಎಲ್ಲಾ ನಗೋವಂಥಾದ್ದ ಅಲ್ಲ. ಅಜ್ಜಿ ಹೋದಾಗ ಆಷಾಢ, ಕಾಕಾ ಸಮುದ್ರದಾಗ. ಗಾಳಿ ಮಳಿಗೆ ಹೆಲಿಕಾಪ್ಟರ ಏಳಲಿಲ್ಲ. ಮೂರನೇ ದಿನಾ ಮನಿ ಮುಟ್ಟಿದ್ರು. ಮೈ ತೊಳದ ಮಗಗ ಅವ್ವನ ಮಾರಿ ಕಡೀ ಸಲ ನೋಡ್ಲಿಕ್ಕೆ ಆಗಲಿಲ್ಲ. ಅವತ್ತೂ ಮಂದಿ, "ನೌಕರಿ ದೊಡ್ಡದಾತು ಬಿಡ್ರಿ" ಅಂದ್ರು. ಕಾಕಾ ಹಿತ್ತಲದಾಗ ಗಡಗಡಿ ಹಿಡಕೊಂಡು ನಿಂತಿದ್ರು.

2005ರ ಜುಲೈ 27 ನಿಮಗ ನೆನಪಿರಬೇಕು, ಇಲ್ಲಾ ಅದರ ಹಿಂದಿನ ದಿನಾ ಮುಂಬಯಿ ಮುಳಗಿದ್ದರೆ ನೆನಪಿರಬೇಕು. ಒಂದ ದಿನದಾಗ ಸಾಂತಾಕ್ರೂಝದಾಗ 944 ಮಿಲಿಮೀಟರ ಮಳಿ ಆಗಿತ್ತು. ಮರುದಿನಾ ಸಮುದ್ರದಾಗ ಒಂದ ಹಡಗದ ಅಡಗಿಯಾಂವ ಬಳ್ಳ ಕೊಯ್ಕೊಂಡಿದ್ದ. ಅಡಗಿಮನ್ಯಾಗ ನಾವೂ ಕೊಯ್ಕೋತೀವಲ್ಲ, ಅದಕಿಂತ ಜೋರ, ತುದಿನ ಹೋಗಿತ್ತು. ಅಂವಗ ಔಷಧ ಮಾಡಸ್ಲಿಕ್ಕಂತ ಆ ಹಡಗಾ ಬಾಂಬೆ ಹೈ ನಾರ್ಥ್ ಅನ್ನೋ ಕಟ್ಟೆದ ಹಂತೇಕ ಬಂತು. ತೆರಿ ಜೋರಿದ್ವು, ಹಡಗಾ ಹೋಗಿ ಗ್ಯಾಸಿನ ಪೈಪಿಗೆ ಬಡೀತು, ಗ್ಯಾಸ ಹೊತಗೊಂಡ್ತು. ಎರಡ ತಾಸಿನ್ಯಾಗ ಆ ಕಟ್ಟೆನ ಸುಟ್ಟು ಸಮುದ್ರದಾಗ ಕುಸೀತು. 384 ಮಂದಿ ಇದ್ರು, 362 ಮಂದಿ ಉಳದ್ರು, 22 ಮಂದಿ ಹೋದ್ರು.

ಕಾಕಾ ಆವಾಗ ಮನ್ಯಾಗಿದ್ರು, ಕೆಂಪು ಗೆರಿಯೊಳಗ. ನಾವು ಎಲ್ಲಾರೂ ದೇವರಿಗೆ ತುಪ್ಪದ ದೀಪಾ ಹಚ್ಚಿದ್ವಿ. ಅವ್ರು ಟಿವಿ ಮುಂದಿಂದ ಏಳಲಿಲ್ಲ, ಉಣಲಿಲ್ಲ. ಯಾರ್‍ಯಾರದೋ ಹೆಸರ ಹೇಳಿ ಅಂವ ಯಾವ ಪಾಳಿಯಾಗಿರ್ತಾನ ಅಂತ ಬಳ್ಳ ಎಣಸ್ತಿದ್ರು. ಮುಂದ ನಾಕ ದಿನಕ್ಕ ಅವ್ರ ಪಾಳಿ ಬಂತು. ಕಾಕು ಎಂದೂ ಬ್ಯಾಡ ಅಂದಾಕಿ ಅಲ್ಲ, ಅವತ್ತ ಬಾಗಲಾಗ ನಿಂತು, "ಈ ಸಲ ಬ್ಯಾಡ್ರಿ, ಆರಾಮಿಲ್ಲ ಅಂತ ಹೇಳ್ರಿ" ಅಂದ್ಲು. ಕಾಕಾ ಚೀಲಾ ಕೆಳಗ ಇಟ್ಟು ಹೇಳಿದ್ರು: "ನಾ ಹೋಗಲಿಲ್ಲಂದ್ರ ಅಲ್ಲಿದ್ದಾಂವ ಹೆಂಗ ಮನಿಗೆ ಬರಬೇಕು? ಅವನ ಹೆಂಡ್ತಿನೂ ಬಾಗಲಾಗ ನಿಂತಿರ್ತಾಳ." ಕಾಕು ಹಿಂದ ಸರದ್ಲು. ಚೂಡಾದ ಡಬ್ಬಿ ಆವಾಗ ಚೀಲದಾಗ ಇಟ್ಲು, ಅಲ್ಲಿತನಕಾ ಕೈಯಾಗ ಹಿಡಕೊಂಡಿದ್ಲು.

ಆ ಮಾತ ಕೇಳಿದಾಕಿ ನಾನು. ಅದಕ್ಕ ಹದಿಮೂರನೇ ದಿನದ ಮಾತು ನನಗ ನೆಟ್ಟತು. ನನ್ನ ಪ್ರಕಾರ, ಇಂಥಾ ನೌಕರಿ ಮಾಡಿದ ಗಂಡಸನ್ನ ಎಷ್ಟ ರೊಕ್ಕಾ ಕಳಸಿದಾ, ಎಂಥಾ ಮನಿ ಕಟ್ಟಿಸಿದಾ ಅಂತಷ್ಟ ನೆನಸಿಕೊಳ್ಳೋದು ಅನ್ಯಾಯ. ಹಂಗ ಅವನ್ನ ದೇವರ ಮಾಡಿ ಕೂಡಿಸಿ, ಈಕಡೆ ಅರ್ಧಾ ಭಾರಾ ಹೊತ್ತ ಹೆಂಡ್ತಿನ್ನ ಮರಿಯೋದೂ ಅನ್ಯಾಯ. ಕಾಕುಗ ಒಂದ ದಿನಾ ಪಾಳಿ ಬದ್ಲಿ ಮಾಡ್ಲಿಕ್ಕೆ ಯಾರೂ ಬರಲಿಲ್ಲ. ಮಗಗ ಮಲೇರಿಯಾ ಆದಾಗ ಮೂರ ರಾತ್ರಿ ಒಬ್ಬಾಕಿನ ಕೂತಿದ್ಲು. ಕಾಕಾಗ ಇದು ಗೊತ್ತಿತ್ತು. ನಿವೃತ್ತಿ ಆದಮ್ಯಾಲೆ ಮುಂಜಾನಿ ಚಹಾ ಅವ್ರದು, ಕಡೀ ಆಸ್ಪತ್ರಿಗೆ ಹೋಗೋ ದಿನದತನಕಾ. ಕಾಕು ಹೇಳೂಹಂಗ ಸಕ್ರಿ ಯಾವಾಗಲೂ ಹೆಚ್ಚ ಬೀಳ್ತಿತ್ತು.

ಒಂದ ಮಾತ ಸೇರಸ್ತೀನಿ, ಯಾಕಂದ್ರ ಎಲ್ಲಾ ಸಮುದ್ರದ ನೌಕರಿನೂ ಒಂದ ಅಲ್ಲ. ಕಾಕಾಂದು ಕಾಯಂ ನೌಕರಿ, ದವಾಖಾನಿ ಖರ್ಚು, ಪಿಂಚಣಿ ಎಲ್ಲಾ ಇತ್ತು. ಗುತ್ತಿಗೆ ಮ್ಯಾಲೆ ಹೋಗೋ ಹುಡುಗೂರ ಪರಿಸ್ಥಿತಿ ಬ್ಯಾರೆ. 2021ರ ಮೇ ತಿಂಗಳದಾಗ ತೌಕ್ತೆ ಚಂಡಮಾರುತಕ್ಕ ಪಿ-305 ಅನ್ನೋ ಬಾರ್ಜು ಮುಳಗಿ 70ಕ್ಕಿಂತ ಹೆಚ್ಚು ಮಂದಿ ಸತ್ತರಲ್ಲ, ಅವರಾಗ ಹೆಚ್ಚಿನಾವ್ರು ಗುತ್ತಿಗೆಯಾವ್ರು. ಟಿವಿಯಾಗ ಅದನ್ನ ನೋಡಿದಾಗ ನಿವೃತ್ತಿ ಆಗಿ ನಾಕ ವರ್ಷ ಆಗಿತ್ತು, ಕಾಕಾ ಆವತ್ತೂ ಉಣಲಿಲ್ಲ.

ಈಗ ಕಾರಣ ಹೇಳ್ತೀನಿ. ನಮ್ಮ ನಾದಿನಿ ಮಗಳಿಗೆ ಒಂದ ವರಾ ಬಂದದ. ಹುಡುಗ ಗದಗ ಕಡೆಯಾಂವ, ಇಂಜಿನಿಯರಿಂಗ ಓದ್ಯಾನ, ಅವನೂ ರಿಗ್ಗಿನ್ಯಾಗನ ಇದ್ದಾನ, ಕಾಯಂ. ಹುಡುಗಿಗೆ ಮನಸ್ಸದ. ಮನ್ಯಾಗಿನ ಹಿರ್‍ಯಾರು, "ಅರ್ಧಾ ವರ್ಷ ಇರೋ ಗಂಡಗ ಹೆಣ್ಣ ಯಾಕ ಕೊಡ್ಲಿ, ಬೆಂಗಳೂರಾಗ ಕಂಪ್ಯೂಟರ ಹುಡುಗೂರ ಇಲ್ಲೇನು" ಅಂತ ಕೂತಾರ. ಬೆಂಗಳೂರಾಗಿನ ನಮ್ಮ ತಂಗಿ ಗಂಡ ಮುಂಜಾನಿ ಎಂಟಕ್ಕ ಹೋದಾಂವ ರಾತ್ರಿ ಹತ್ತಕ್ಕ ಬರ್ತಾನ, ಬಂದು ಮತ್ತ ಫೋನಿನ್ಯಾಗ ಮೀಟಿಂಗ್. ಆಕಿ ಮಾರಿ ನೋಡಿ ಎಷ್ಟ ತಾಸು ಮಾತಾಡ್ತಾನ ಅಂತ ಯಾರೂ ಲೆಕ್ಕಾ ಹಾಕಿಲ್ಲ.

ಬ್ಯಾಡ ಅನ್ನೋದಿದ್ರ ಹುಡುಗನ್ನ ನೋಡಿ ಬ್ಯಾಡ ಅನ್ರಿ, ಪಾಳಿ ನೋಡಿ ಬ್ಯಾಡ ಅನಬ್ಯಾಡ್ರಿ ಅಂತ ನಾ ಹೇಳೀನಿ. ಹುಡುಗಿಗೂ ಹೇಳೀನಿ: ಬ್ಯಾಂಕಿನ ಖಾತೆ ಇಬ್ಬರ ಹೆಸರಲೆ ಇರಬೇಕು, ವಿಮಾ ಕಾಗದಾ ಎಲ್ಲೆ ಅದ ನಿನಗ ಗೊತ್ತಿರಬೇಕು, ಗಾಡಿ ಹೊಡೀಲಿಕ್ಕೆ ಕಲಿ, ರಾತ್ರಿ ಒಬ್ಬಾಕಿನ ಇರ್ಲಿಕ್ಕೆ ಅಂಜಿಕಿ ಇದ್ರ ಈಗ ಹೇಳಿಬಿಡು. ನಿನ್ನ ನೌಕರಿ ಬಿಡಬ್ಯಾಡ, ಅಂವ ಇಲ್ಲದ ಹದಿನಾಲ್ಕ ದಿನಾ ಗೋಡಿ ನೋಡ್ಕೋತ ಕೂಡೋದು ಭಾಳ ಕಷ್ಟ. ಇದು ನನ್ನ ಮಾತಲ್ಲ, ಕಾಕುಂದು.

ಬರೋ ರವಿವಾರ ನಾಕ ಗಂಟೆಕ್ಕ ಹುಡುಗ ನಮ್ಮನಿಗೇ ಬರ್ತಾನ, ಅಷ್ಟರಾಗ ಅವನ ಪಾಳಿ ಮುಗೀತದ. ಕಾಕು ತಾನೂ ಬರ್ತೀನಿ ಅಂದಾಳ, ನಾಕ ತಿಂಗಳಾದಮ್ಯಾಲೆ ಮೊದಲನೇ ಸಲ ಮನಿ ಬಿಟ್ಟು ಹೊರಗ ಬರ್ತಿರೋದು. ಹುಡುಗಗ ಏನ ಕೇಳಬೇಕು ಅಂತ ಆಕಿ ಒಂದ ಚೀಟಿ ಬರದು ಇಟ್ಟಾಳಂತ, ನನಗೂ ತೋರಿಸಿಲ್ಲ. ಕೇಳೋದು ಇದ್ದಾವ್ರು ನೀವೂ ಬರ್ರಿ. ಹಚ್ಚಿದ ಅವಲಕ್ಕಿ, ಮ್ಯಾಲೆ ಮೆಣಸಿನಕಾಯಿ ಭಜಿ ಮಾಡ್ತೀನಿ.